'ಬಾಸ್ ನನ್ನನ್ನು ಫೈರ್ ಮಾಡಿದರು' ಅಂತ ಬರೆದು ಪೇಚಿಗೆ ಸಿಕ್ಕಿದೆ. ಬೈಗುಳಕ್ಕೆ ಸರಿಯಾದ ಇಂಗ್ಲಿಷ್ ಪದ ಯಾವುದು?

ಕೆಂಗೇರಿ ಕಡೆಯವನು

ಎಲ್ಲರಿಗೂ ನಮಸ್ಕಾರ. ನಗೆಪಾಟಲಿನ ವಿಷಯವೇ, ಆದರೆ ನಿಜವಾಗಿ ಸಹಾಯ ಬೇಕು.

ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ ಮಾಡುತ್ತೇನೆ. ಕ್ಲೈಂಟ್ ಅಮೆರಿಕದವರು. ಕಳೆದ ವಾರ ಒಂದು ರಿಲೀಸ್ ಎರಡು ದಿನ ತಡವಾಯಿತು. ಮ್ಯಾನೇಜರ್ ಮೀಟಿಂಗ್ ರೂಮಿಗೆ ಕರೆದು ಮುಕ್ಕಾಲು ಗಂಟೆ ಮಂಗಳಾರತಿ ಎತ್ತಿದರು. ಅವತ್ತು ರಾತ್ರಿ ಆ ಕಡೆಯ ಟೀಮಿನ ಹಿರಿಯರೊಬ್ಬರು ಚಾಟ್‌ನಲ್ಲಿ ಹೇಗಿದ್ದೀಯ ಅಂತ ಕೇಳಿದರು. ನಾನು ಸುಮ್ನೆ 'ಮೈ ಮ್ಯಾನೇಜರ್ ಫೈರ್ಡ್ ಮಿ ಟುಡೇ, ಬಟ್ ಇಟ್ಸ್ ಓಕೆ' ಅಂತ ಬರೆದೆ.

ಆ ಕಡೆ ಎರಡು ನಿಮಿಷ ಸದ್ದಿಲ್ಲ. ಆಮೇಲೆ ಮಾರುದ್ದದ ಸಮಾಧಾನದ ಮೆಸೇಜ್ ಬಂತು. ರೆಸ್ಯೂಮೆ ಕಳಿಸು, ನನಗೆ ಗೊತ್ತಿರುವವರ ಹತ್ತಿರ ಮಾತಾಡುತ್ತೇನೆ ಅಂದರು. ಮಾರನೇ ದಿನ ನಾನು ಎಂದಿನಂತೆ ಕಾಲ್‌ಗೆ ಬಂದಾಗ ಅವರ ಮುಖ ನೋಡಬೇಕಿತ್ತು.

ನನ್ನ ಪ್ರಶ್ನೆ ಇಷ್ಟೇ. 'ಬೈದರು' ಅನ್ನುವುದಕ್ಕೆ ನಾನು ಏನು ಬರೆಯಬೇಕಿತ್ತು? ಹುಡುಕಿದರೆ ಟಿರೇಡ್, ಡಯಟ್ರೈಬ್, ಹರಾಂಗ್ಯೂ, ಡ್ರೆಸಿಂಗ್ ಡೌನ್, ಇಯರ್‌ಫುಲ್, ಬ್ರಾಡ್‌ಸೈಡ್, ಬ್ಯಾರಾಜ್ ಅಂತ ಪಟ್ಟಿ ಮುಗಿಯುವುದೇ ಇಲ್ಲ. ನಿಘಂಟಿನಲ್ಲಿ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ, 'ಕಟುವಾದ ಟೀಕೆ'. ಹಾಗಿದ್ದರೆ ಇಷ್ಟೊಂದು ಯಾಕೆ ಬೇಕು?

ಬೊಂಬಾಟ್ ಭೀಮ

ರೆಸ್ಯೂಮೆ ಕಳಿಸಿಬಿಡಬೇಕಿತ್ತು ಗುರು. ಒಳ್ಳೆ ಚಾನ್ಸ್ ಮಿಸ್ಸಾಯ್ತು.

ಇಂಗ್ಲಿಷ್ ಮೇಡಂ, ಹಾಸನ

20 ವರ್ಷ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟಿದ್ದೇನೆ. ಬೈಯುವುದರಲ್ಲೂ ಅಷ್ಟೇ ವರ್ಷದ ಅನುಭವವಿದೆ. ಹಾಗಾಗಿ ನಾನೇ ಶುರು ಮಾಡುತ್ತೇನೆ.

ಮೊದಲು 'ಫೈರಿಂಗ್'. ನಮ್ಮಲ್ಲಿ 'ಫೈರಿಂಗ್ ಬಿತ್ತು' ಅಂದರೆ ಬೈಸಿಕೊಂಡೆ ಅಂತ. ಅಮೆರಿಕದಲ್ಲಿ ಕೆಲಸ ಹೋಯಿತು ಅಂತ. ಡಿಸ್ಚಾರ್ಜ್ ಅನ್ನುವ ಪದಕ್ಕೆ ಕೆಲಸದಿಂದ ಬಿಡಿಸುವುದು, ಗುಂಡು ಹಾರಿಸುವುದು ಎರಡೂ ಅರ್ಥ ಇದೆ. ಅದರ ಮೇಲೆ ಯಾರೋ ಮಾಡಿದ ತಮಾಷೆಯಿಂದ 19ನೇ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿ ಈ 'ಫೈರ್' ಹುಟ್ಟಿತು ಅನ್ನುತ್ತಾರೆ. ನಾವು ಅದೇ ಬಂದೂಕನ್ನು ಬಾಯಿಗೆ ಕೊಟ್ಟೆವು. ತಪ್ಪೇನಿಲ್ಲ, ಆದರೆ ಇದು ನಮ್ಮ ಗಡಿ ದಾಟುವುದಿಲ್ಲ.

ಹಾಗಂತ 'ಮೈ ಮ್ಯಾನೇಜರ್ ಸ್ಕೋಲ್ಡೆಡ್ ಮಿ' ಅಂತಲೂ ಬರೆಯಬೇಡಿ. ಭಾರತದಲ್ಲಿ, ಸಿಂಗಪುರದಲ್ಲಿ ದೊಡ್ಡವರೂ ಹಾಗೆ ಹೇಳುತ್ತಾರೆ. ಅಮೆರಿಕದವರ, ಬ್ರಿಟನ್ನಿನವರ ಕಿವಿಗೆ ಸ್ಕೋಲ್ಡ್ ಅಂದರೆ ಮಗುವಿಗೋ, ಸೋಫಾ ಕಚ್ಚಿದ ನಾಯಿಮರಿಗೋ ಗದರುವುದು. 30 ವರ್ಷದ ಇಂಜಿನಿಯರನ್ನು ಮ್ಯಾನೇಜರ್ ಸ್ಕೋಲ್ಡ್ ಮಾಡಿದರು ಅಂದರೆ ಅವರಿಗೆ ವಿಚಿತ್ರವಾಗಿ ಕೇಳಿಸುತ್ತದೆ. ಮೂಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದರೇನೋ ಅನ್ನುವ ಹಾಗೆ.

ಅಮೆರಿಕದವರಿಗೆ 'ಚ್ಯೂಡ್ ಮಿ ಔಟ್' ಅನ್ನಿ, ತಟ್ಟನೆ ಅರ್ಥವಾಗುತ್ತದೆ. ಬ್ರಿಟನ್ನಿನವರಿಗಾದರೆ 'ಟೋಲ್ಡ್ ಮಿ ಆಫ್'. ಇಬ್ಬರಿಗೂ ಆಗುವುದು 'ಐ ಗಾಟ್ ಆನ್ ಇಯರ್‌ಫುಲ್'. ಕಿವಿ ತುಂಬಿತು ಅಂತ. ಇದರಲ್ಲಿ ಒಂದು ಅನುಕೂಲ ಇದೆ. ಬೈಸಿಕೊಂಡವನ ಬಾಯಲ್ಲಿ ಬರುವ ಪದ ಅದು. ಸ್ವಲ್ಪ ನಗುತ್ತಾ ಹೇಳಬಹುದು, ಮ್ಯಾನೇಜರ್ ಮೇಲೆ ದೂರು ಹೇಳಿದ ಹಾಗೂ ಆಗುವುದಿಲ್ಲ.

ಅಂದ ಹಾಗೆ ಅದು ಹರಾಂಗ್ಯೂ ಅಲ್ಲ, ಹರ್ಯಾಂಗ್. ಕೊನೆಯ ಯು, ಇ ಎರಡೂ ಸುಮ್ನೆ ಕೂತಿರುತ್ತವೆ.

ಕೆಂಗೇರಿ ಕಡೆಯವನು

ಥ್ಯಾಂಕ್ಸ್ ಮೇಡಂ. ನನಗೆ ಆಗಿದ್ದು ಡ್ರೆಸಿಂಗ್ ಡೌನಾ, ಟಿರೇಡಾ?

ಇಂಗ್ಲಿಷ್ ಮೇಡಂ, ಹಾಸನ

ನಿಮ್ಮ ಮ್ಯಾನೇಜರ್ ನಿಮ್ಮ ತಪ್ಪಿನ ಬಗ್ಗೆಯೇ ಮಾತಾಡಿದರಾ? ಹಾಗಿದ್ದರೆ ಡ್ರೆಸಿಂಗ್ ಡೌನ್. ಅದು ಮೇಲಿನವರು ಕೆಳಗಿನವರಿಗೆ ಕೊಡುವಂಥದ್ದು. ನೀವು ಮ್ಯಾನೇಜರಿಗೆ ಡ್ರೆಸಿಂಗ್ ಡೌನ್ ಕೊಡಲು ಆಗುವುದಿಲ್ಲ.

ರಿಲೀಸಿನಿಂದ ಶುರುವಾಗಿ ಈಗಿನ ಹುಡುಗರು, ವರ್ಕ್ ಫ್ರಂ ಹೋಮ್, ಕ್ಯಾಂಟೀನ್ ಕಾಫಿ, ಔಟರ್ ರಿಂಗ್ ರೋಡಿನ ಟ್ರಾಫಿಕ್ ತನಕ ಹೋದರೆ ಅದು ಟಿರೇಡ್. ಇಟಲಿಯ ತಿರಾರೆ ಅಂದರೆ ಎಳೆಯುವುದು, ಗುಂಡು ಹಾರಿಸುವುದು. ಎಳೆದೂ ಎಳೆದೂ ಹೊಡೆಯುವ ಮಾತು. ಟಿರೇಡಿಗೆ ಎದುರಿಗೆ ತಪ್ಪಿತಸ್ಥ ಇರಲೇಬೇಕು ಅಂತಿಲ್ಲ. ಕೇಳುವ ಕಿವಿ ಒಂದಿದ್ದರೆ ಸಾಕು.

ಅದೂ ಇಲ್ಲದಿದ್ದರೆ ರ‍್ಯಾಂಟ್. ನಮ್ಮ ಮನೆಯವರು ಟಿವಿ ನ್ಯೂಸ್ ನೋಡುತ್ತಾ ಟಿವಿಗೇ ಬೈಯುತ್ತಾರಲ್ಲ, ಅದು.

ಕೆಂಗೇರಿ ಕಡೆಯವನು

ಟ್ರಾಫಿಕ್ ತನಕ ಹೋಯಿತು ಮೇಡಂ. ಅವರ ಮಗನ ಸಿಇಟಿ ರ‍್ಯಾಂಕ್ ತನಕವೂ ಹೋಯಿತು.

ಇಂಗ್ಲಿಷ್ ಮೇಡಂ, ಹಾಸನ

ಟಿರೇಡ್.

ಜಮಖಂಡಿ ಬೆಲ್ಲ

ನನಗೊಂದು ಅನುಮಾನ. ನಮ್ಮ ಕಡೆ ಬ್ಯಾರೇಜ್ ಅಂದರೆ ಹೊಳೆಗೆ ಅಡ್ಡ ಕಟ್ಟಿ ಗೇಟು ಇಟ್ಟಿರುವುದು. ಕೃಷ್ಣಾ ನದಿಗೆ ಹಿಪ್ಪರಗಿ ಬ್ಯಾರೇಜ್ ಇದೆ, ಚಿಕ್ಕಂದಿನಿಂದ ನೋಡಿದ್ದೇವೆ. ಬ್ಯಾರೇಜಿಗೂ ಬೈಗುಳಕ್ಕೂ ಏನು ಸಂಬಂಧ? ಗೇಟು ತೆಗೆದಾಗ ನೀರು ನುಗ್ಗುತ್ತದಲ್ಲ, ಹಾಗೆ ಅಂತಲಾ?

ಹಳೇ ಸಬ್ ಎಡಿಟರ್

ಹಾಗೆ ಅನ್ನಿಸುತ್ತದೆ ನಿಜ. ಆದರೆ ಉಲ್ಟಾ. ಅದು ನುಗ್ಗುವ ನೀರಿನಿಂದ ಬಂದಿದ್ದಲ್ಲ, ತಡೆಯುವ ಗೋಡೆಯಿಂದ ಬಂದಿದ್ದು.

ಫ್ರೆಂಚ್ ಬ್ಯಾರಾಜ್ ಅಂದರೆ ಅಡ್ಡಗಟ್ಟೆ. ನಿಮ್ಮ ಹಿಪ್ಪರಗಿಯದೂ ಅದೇ ಪದ. ಮೊದಲ ಮಹಾಯುದ್ಧದಲ್ಲಿ ಶತ್ರು ಮುಂದೆ ಬರದಂತೆ ಒಂದೇ ಸಾಲಿನ ಮೇಲೆ ಫಿರಂಗಿಗಳು ಎಡೆಬಿಡದೆ ಗುಂಡು ಸುರಿಸುತ್ತಿದ್ದವು. ಬೆಂಕಿಯ ಅಡ್ಡಗಟ್ಟೆ. ಫ್ರೆಂಚರು ಅದನ್ನು 'ತೀರ್ ದ ಬ್ಯಾರಾಜ್' ಅಂದರು. ಇಂಗ್ಲಿಷಿನವರು ಕೊನೆಯ ಪದವನ್ನಷ್ಟೇ ಎತ್ತಿಕೊಂಡರು. ಯುದ್ಧ ಮುಗಿಯಿತು, ಪದ ಪತ್ರಿಕೆಗಳಿಗೆ ಬಂತು. ಈಗ ಪ್ರಶ್ನೆಗಳ ಬ್ಯಾರಾಜ್, ಟೀಕೆಗಳ ಬ್ಯಾರಾಜ್. ಒಂದಾದ ಮೇಲೊಂದು, ಉಸಿರಾಡಲು ಬಿಡದೆ. ನಾವು 'ಸುರಿಮಳೆ' ಅನ್ನುವ ಕಡೆ ಅದು ಸರಿಯಾಗಿ ಕೂರುತ್ತದೆ.

ಹೀಗೆ ನೋಡುತ್ತಾ ಹೋದರೆ ಈ ಪದಗಳಲ್ಲಿ ಅರ್ಧಕ್ಕರ್ಧ ಮದ್ದುಗುಂಡಿನ ವಾಸನೆ ಬರುತ್ತದೆ. ಬ್ರಾಡ್‌ಸೈಡ್ ಅಂದರೆ ಯುದ್ಧದ ಹಡಗು ತನ್ನ ಒಂದು ಪಕ್ಕದ ಎಲ್ಲ ಫಿರಂಗಿಗಳನ್ನೂ ಒಟ್ಟಿಗೆ ಹಾರಿಸುವುದು. ಅದಕ್ಕೇ ಆ ಪದ ಮೀಟಿಂಗ್ ರೂಮಿಗೆ ಹೊಂದುವುದಿಲ್ಲ. ಒಬ್ಬ ಮಾಜಿ ಮಂತ್ರಿ ತನ್ನದೇ ಪಕ್ಷದ ವಿರುದ್ಧ ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದರೆ ಅದು ಬ್ರಾಡ್‌ಸೈಡ್. ಫ್ಯೂಸಿಲೇಡ್‌ನಲ್ಲಿ ಬಂದೂಕು ಇದೆ. ಫ್ಲ್ಯಾಕ್ ಅಂತೂ ಎರಡನೇ ಮಹಾಯುದ್ಧದ ಜರ್ಮನ್ ವಿಮಾನ ನಿರೋಧಕ ಫಿರಂಗಿ. ಅದರ ಉದ್ದದ ಹೆಸರನ್ನು ಚಿಕ್ಕದು ಮಾಡಿ ಫ್ಲ್ಯಾಕ್ ಅಂದರು. ಕೆಳಗಿನಿಂದ ಮೇಲಕ್ಕೆ ಹಾರುವ ಗುಂಡು. ಇಂಗ್ಲಿಷಿನಲ್ಲೂ ಹೆಚ್ಚಾಗಿ ಮೇಲಿರುವವರೇ ಫ್ಲ್ಯಾಕ್ ತಿನ್ನುತ್ತಾರೆ. ಮಂತ್ರಿಗೆ, ಕಂಪನಿಗೆ, ಕ್ರಿಕೆಟ್ ಕ್ಯಾಪ್ಟನ್ನಿಗೆ ಬೀಳುತ್ತದೆ.

ತುಂಗಾ ತೀರದವಳು

ಅವರದು ಫಿರಂಗಿ, ನಮ್ಮದು ಪೂಜೆ! ಗಮನಿಸಿದ್ದೀರಾ? ಬೆಳಗ್ಗೆ ಬೆಳಗ್ಗೆಯೇ ಪೂಜೆ ಆಯ್ತು. ಅಷ್ಟೋತ್ತರ ಹೇಳಿದರು. ಸಹಸ್ರನಾಮ ಮಾಡಿದರು. ಮುಖಕ್ಕೆ ಮಂಗಳಾರತಿ ಎತ್ತಿದರು. ದೇವಸ್ಥಾನದಲ್ಲಿ ನಡೆಯುವ ಕ್ರಮದಲ್ಲೇ ಇದೆ. ತೀರ್ಥಪ್ರಸಾದ ಒಂದು ಬಾಕಿ.

ಪೂಜೆ ಮುಗಿದರೆ ಅಗಸರ ಕಟ್ಟೆ. ಚೆನ್ನಾಗಿ ತೊಳೆದರು, ಝಾಡಿಸಿದರು, ನೀರಿಳಿಸಿದರು. ಅದೂ ಮುಗಿದರೆ ಅಡುಗೆಮನೆ. ಹುರಿದು ಮುಕ್ಕಿದರು, ಉಗಿದು ಉಪ್ಪಿನಕಾಯಿ ಹಾಕಿದರು.

ಬೊಂಬಾಟ್ ಭೀಮ

ಉಪ್ಪಿನಕಾಯಿ 😂 ನಮ್ಮಪ್ಪ ವರ್ಷಕ್ಕಾಗುವಷ್ಟು ಹಾಕಿದ್ದಾರೆ.

ಶಿರಸಿ ಸಿಪಾಯಿ

ಅಕ್ಕಾ, ಕೇಳಲು ಚೆಂದ ಇದೆ. ಆದರೆ ಪೂರ್ತಿ ಒಪ್ಪಲು ಆಗುವುದಿಲ್ಲ. ನಮ್ಮಲ್ಲಿ ವಾಗ್ದಾಳಿ, ವಾಗ್ಬಾಣ ಇಲ್ಲವಾ? ಮಾತಿನ ಚಾಟಿ ಬೀಸುವುದಿಲ್ಲವಾ? 'ಚರ್ಮ ಸುಲಿತೀನಿ' ಅನ್ನದ ಪಿಟಿ ಮೇಷ್ಟ್ರು ಯಾವ ಶಾಲೆಯಲ್ಲಿ ಇದ್ದರು? ಅದಕ್ಕೂ ಇಂಗ್ಲಿಷಿನಲ್ಲಿ ಅಂಥದ್ದೇ ಪದ ಇದೆ, ಎಕ್ಸ್‌ಕೋರಿಯೇಟ್. ಲ್ಯಾಟಿನ್ ಕೋರಿಯಂ ಅಂದರೆ ತೊಗಲು. ತೊಗಲು ಸುಲಿಯುವುದೇ ಅದರ ಮೂಲ ಅರ್ಥ. ಇಂಗ್ಲಿಷಿನವರಿಗೂ ನಮ್ಮ ಪಿಟಿ ಮೇಷ್ಟ್ರಿಗೂ ಒಂದೇ ಯೋಚನೆ.

ಹಾಗೆಯೇ ಅವರಲ್ಲೂ ಅಡುಗೆಮನೆ ಇದೆ. ರೋಸ್ಟ್ ಮಾಡುತ್ತಾರೆ, ಗ್ರಿಲ್ ಮಾಡುತ್ತಾರೆ. ಕೆಂಡವೂ ಇದೆ. 'ಹಾಲ್ಡ್ ಓವರ್ ದಿ ಕೋಲ್ಸ್' ಅಂದರೆ ಕೆಂಡದ ಮೇಲೆ ಎಳೆದಾಡುವುದು.

ತುಂಗಾ ತೀರದವಳು

ಸರಿ, ಅರ್ಧ ಸೋತೆ. ಆದರೆ ಕೆಂಡದ ವಿಷಯದಲ್ಲೂ ಒಂದು ವ್ಯತ್ಯಾಸ ನೋಡಿ. ಅಲ್ಲಿ ಬೈಸಿಕೊಂಡವನನ್ನು ಕೆಂಡದ ಮೇಲೆ ಎಳೆಯುತ್ತಾರೆ. ಇಲ್ಲಿ ಬೈಯುವವನೇ ಕೆಂಡ ಕಾರುತ್ತಾನೆ, ಕಿಡಿ ಕಾರುತ್ತಾನೆ, ಉರಿದು ಬೀಳುತ್ತಾನೆ. ಸುಟ್ಟುಕೊಳ್ಳುವವನು ಯಾರು ಹೇಳಿ?

ಕಡಲ ಕಾಗೆ

ನಮ್ಮ ಮಂಗಳೂರು ಕಡೆ ಇಷ್ಟೆಲ್ಲ ಇಲ್ಲ ಮಾರಾಯ್ರೆ. 'ಜೋರು ಮಾಡಿದರು' ಅಂದರೆ ಮುಗಿಯಿತು. ಟೀಚರ್ ಜೋರು ಮಾಡಿದರು, ಅಮ್ಮ ಜೋರು ಮಾಡಿದರು, ಬಸ್ ಕಂಡಕ್ಟರ್ ಜೋರು ಮಾಡಿದ. ನಾನು ಮೊದಲ ಸಲ ಬೆಂಗಳೂರಿಗೆ ಬಂದಾಗ ರೂಮ್‌ಮೇಟ್ ಹತ್ತಿರ 'ಓನರ್ ನನಗೆ ಜೋರು ಮಾಡಿದರು' ಅಂದೆ. ಅವನು 'ಏನನ್ನ ಜೋರು ಮಾಡಿದ್ರು, ಟಿವಿನಾ' ಅಂತ ಕೇಳಿದ.

ಇಂಗ್ಲಿಷ್ ಮೇಡಂ, ಹಾಸನ

ಹಾಗಾದರೆ ಫೈರಿಂಗ್‌ನವರ ಕಥೆ ನಿಮಗೂ ಆಗಿದೆ, ಗಡಿ ಮಾತ್ರ ಶಿರಾಡಿ ಘಾಟಿ.

ಹಳೇ ಸಬ್ ಎಡಿಟರ್

ಶಿರಸಿಯವರು ಚಾಟಿ ಅಂದಿದ್ದಕ್ಕೆ ಡೆಸ್ಕ್ ದಿನಗಳು ನೆನಪಾದವು. ಇಂಗ್ಲಿಷ್ ಪತ್ರಿಕೆಗಳ ಹೆಡಿಂಗ್‌ನಲ್ಲಿ ಜಾಗ ಕಡಿಮೆ. ಅದಕ್ಕೆ ರ‍್ಯಾಪ್, ಸ್ಲ್ಯಾಮ್, ಫ್ಲೇ ಅಂತ ಮೂರು ನಾಲ್ಕು ಅಕ್ಷರದ ಪದಗಳು ಬೇಕಾಗುತ್ತವೆ. ಅದರಲ್ಲಿ ಫ್ಲೇ ಅಂದರೆ ಮತ್ತೆ ಚರ್ಮ ಸುಲಿಯುವುದೇ. 'ಸರ್ಕಾರದ ನೀತಿಯನ್ನು ಫ್ಲೇ ಮಾಡಿದ ಪ್ರತಿಪಕ್ಷ' ಅನ್ನುವುದು ನಮ್ಮ ದೇಶದ ಪತ್ರಿಕೆಗಳಿಗೆ ತುಂಬಾ ಪ್ರೀತಿಯ ಬಳಕೆ.

ಕನ್ನಡ ಡೆಸ್ಕಿನಲ್ಲಿ ಬರೆಯದ ಒಂದು ಕಾನೂನೇ ಇತ್ತು. ಕೋರ್ಟ್ ಸರ್ಕಾರಕ್ಕೆ ಬೈದರೆ ಚಾಟಿ, ಇಲ್ಲವೇ ಛೀಮಾರಿ. ಮಂತ್ರಿ ಅಧಿಕಾರಿಗೆ ಬೈದರೆ ತರಾಟೆ. ಅದೇ ಸುದ್ದಿ ಟಿವಿಗೆ ಹೋದರೆ 'ಅಧಿಕಾರಿಗಳಿಗೆ ಸಚಿವರ ಕ್ಲಾಸ್'. ಪ್ರತಿಪಕ್ಷದವರು ಬೈದರೆ ವಾಗ್ದಾಳಿ. ಅದಕ್ಕೆ ಆಡಳಿತ ಪಕ್ಷದವರ ಉತ್ತರ ತಿರುಗೇಟು. ಸ್ವಲ್ಪ ವ್ಯಂಗ್ಯ ಬೆರೆಸಿದರೆ ಟಾಂಗ್. ಒಂದೇ ಪಕ್ಷದವರು ಒಬ್ಬರಿಗೊಬ್ಬರು ಬೈದರೆ 'ಅಸಮಾಧಾನ ಸ್ಫೋಟ'. ಜನ ಬೈದರೆ 'ಆಕ್ರೋಶ'.

ಯಾರು ಮೇಲೆ, ಯಾರು ಕೆಳಗೆ ಅನ್ನುವುದು ಹೆಡಿಂಗ್‌ನಲ್ಲೇ ಗೊತ್ತಾಗಬೇಕು. ಹೈಕೋರ್ಟ್ ಸರ್ಕಾರಕ್ಕೆ ಚಾಟಿ ಬೀಸಬಹುದು. ಸರ್ಕಾರ ಹೈಕೋರ್ಟಿಗೆ ಚಾಟಿ ಬೀಸಿತು ಅಂತ ನಾನು ಬರೆದಿದ್ದರೆ ನನಗೆ ಫೈರ್ ಆಗುತ್ತಿತ್ತು, ಅಮೆರಿಕದ ಅರ್ಥದಲ್ಲಿ.

ಕಚೇರಿ ಕಡತ

ಸರ್, ಕೋರ್ಟು, ಸರ್ಕಾರ ಅಂದಿರಿ, ನನ್ನದೊಂದು ತಕರಾರು. ನಾನು ಸರ್ಕಾರಿ ನೌಕರ. ನಮ್ಮ ಸೇವಾ ನಿಯಮಗಳಲ್ಲಿ ಸೆನ್ಷರ್ ಅಂತ ಒಂದು ಸಣ್ಣ ದಂಡನೆ ಇದೆ. ಕನ್ನಡದಲ್ಲಿ ವಾಗ್ದಂಡನೆ. ಅಂದರೆ ಬರಹದಲ್ಲಿ ಬೈಯುವುದು, ಅದು ಸೇವಾ ಪುಸ್ತಕದಲ್ಲಿ ಕೂರುತ್ತದೆ. ಆದರೆ ಅಮೆರಿಕದ ಅಧ್ಯಕ್ಷ ಟ್ರಂಪ್ ಅವರನ್ನು 2019ರಲ್ಲಿ, ಮತ್ತೆ 2021ರಲ್ಲಿ ಇಂಪೀಚ್ ಮಾಡಿದಾಗ ಪತ್ರಿಕೆಗಳಲ್ಲಿ ಅದೂ ವಾಗ್ದಂಡನೆ! ನಮ್ಮ ಆಫೀಸಿನ ಗುಮಾಸ್ತರಿಗೂ ಅಮೆರಿಕದ ಅಧ್ಯಕ್ಷರಿಗೂ ಒಂದೇ ಶಿಕ್ಷೆಯಾ?

ಹಳೇ ಸಬ್ ಎಡಿಟರ್

ತಪ್ಪು ಒಪ್ಪಿಕೊಂಡೆ. ಮಹಾಭಿಯೋಗ ಅಂತ ಬೇರೆ ಪದ ಇದೆ, ಆದರೆ ರಾತ್ರಿ ಹನ್ನೊಂದಕ್ಕೆ ಡೆಸ್ಕಿನಲ್ಲಿ ಕೈಗೆ ಸಿಕ್ಕಿದ್ದು ವಾಗ್ದಂಡನೆ. ಇಂಪೀಚ್‌ಮೆಂಟ್ ಅಂದರೆ ಬೈಗುಳ ಅಲ್ಲ, ಆರೋಪ ಹೊರಿಸಿ ವಿಚಾರಣೆಗೆ ನಿಲ್ಲಿಸುವುದು.

ಆದರೆ ಒಂದು ಇಂಪೀಚ್‌ಮೆಂಟ್ ನಿಜಕ್ಕೂ ವಾಗ್ದಂಡನೆಯೇ ಆಗಿತ್ತು. ಬಂಗಾಳದ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್ ಮೇಲಿನದು. 1788ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಪಾರ್ಲಿಮೆಂಟ್ ಸದಸ್ಯ ಎಡ್ಮಂಡ್ ಬರ್ಕ್ ನಾಲ್ಕು ದಿನ ಎದ್ದು ನಿಂತು ಆರೋಪ ಮಂಡಿಸಿದ. ವಿಚಾರಣೆ 1795ರ ತನಕ ಎಳೆಯಿತು. ಕೊನೆಗೆ ಹೇಸ್ಟಿಂಗ್ಸ್ ಖುಲಾಸೆಯಾದ. ಅಷ್ಟು ವರ್ಷ ಬೈಸಿಕೊಂಡಿದ್ದೇ ಶಿಕ್ಷೆ.

ಬರ್ಕ್‌ನ ಬಾಯಿಗೆ ನಮ್ಮ ಕಡೆಯವರೂ ಸಿಕ್ಕಿದ್ದಾರೆ. 1785ರಲ್ಲಿ ಆರ್ಕಾಟಿನ ನವಾಬನ ಸಾಲದ ಬಗ್ಗೆ ಪಾರ್ಲಿಮೆಂಟಿನಲ್ಲಿ ಮಾತಾಡಿದ. ಬೈದಿದ್ದು ನವಾಬನಿಗೆ ಸಾಲ ಕೊಟ್ಟು ಬಡ್ಡಿ ತಿಂದ ಇಂಗ್ಲಿಷರಿಗೆ, ಅವರನ್ನು ಕಾಪಾಡಿದ ಮಂತ್ರಿಗಳಿಗೆ. ಆದರೆ ನಡುವೆ ಹೈದರ್ ಅಲಿ ಬರುತ್ತಾನೆ. 1780ರಲ್ಲಿ ಅವನು ಘಟ್ಟ ಇಳಿದು ಕರ್ನಾಟಿಕ್ ಬಯಲಿಗೆ ನುಗ್ಗಿದ್ದನ್ನು ಬರ್ಕ್ ಒಂದು ಕಪ್ಪು ಮೋಡ ಅನ್ನುತ್ತಾನೆ. ಅದು ಬೆಟ್ಟದ ಇಳಿಜಾರಿನಲ್ಲಿ ಸ್ವಲ್ಪ ಹೊತ್ತು ತೂಗಿ ನಿಂತು, ಆಮೇಲೆ ಒಮ್ಮೆಲೇ ಒಡೆದು ಬಯಲಿನ ಮೇಲೆಲ್ಲ ಸುರಿಯಿತಂತೆ. ಬಹುಶಃ ಬರ್ಕ್‌ನ ಮಾತೂ ಹಾಗೇ ಇತ್ತು. ಇಂಥ ಭಾಷಣಕ್ಕೆ ಇಂಗ್ಲಿಷಿನಲ್ಲಿ ಇರುವ ಪದ ಫಿಲಿಪಿಕ್.

ಕೆಂಗೇರಿ ಕಡೆಯವನು

ಇದು ನನ್ನ ಪಟ್ಟಿಯಲ್ಲೇ ಇರಲಿಲ್ಲ. ಯಾರು ಈ ಫಿಲಿಪ್?

ಹಳೇ ಸಬ್ ಎಡಿಟರ್

ಬೈಸಿಕೊಂಡವನು. ಅಲೆಕ್ಸಾಂಡರನ ಅಪ್ಪ, ಮ್ಯಾಸಿಡೋನಿಯಾದ ಎರಡನೇ ಫಿಲಿಪ್. ಅಥೆನ್ಸಿನ ಭಾಷಣಕಾರ ಡೆಮಾಸ್ತನೀಸ್ ಕ್ರಿ.ಪೂ. 351ರಿಂದ ಅವನ ವಿರುದ್ಧ ಊರಿನವರನ್ನು ಎಬ್ಬಿಸಲು ಭಾಷಣದ ಮೇಲೆ ಭಾಷಣ ಮಾಡಿದ. ಮುನ್ನೂರು ವರ್ಷದ ನಂತರ ರೋಮಿನ ಸಿಸೆರೋ ಮಾರ್ಕ್ ಆಂಟನಿಯ ವಿರುದ್ಧ 14 ಭಾಷಣ ಬರೆದು ತಮಾಷೆಗೆ ಅವಕ್ಕೂ ಫಿಲಿಪಿಕ್ ಅಂತಲೇ ಹೆಸರಿಟ್ಟ. ಅದರಲ್ಲಿ ಅತಿ ಖಾರದ್ದು ಎರಡನೆಯದು. ಅದನ್ನು ಅವನು ಸಭೆಯಲ್ಲಿ ಆಡಲೇ ಇಲ್ಲ. ಬರೆದು ಹಂಚಿದ, ಅಷ್ಟೆ. ಈಗಿನವರು ಎದುರಿಗೆ ನಕ್ಕು ವಾಟ್ಸ್ಆ್ಯಪ್‌ನಲ್ಲಿ ಬೈಯುವ ಹಾಗೆ.

ಆಂಟನಿ ಮರೆಯಲಿಲ್ಲ. ಕ್ರಿ.ಪೂ. 43ರ ಡಿಸೆಂಬರ್‌ನಲ್ಲಿ ಸಿಸೆರೋನನ್ನು ಹುಡುಕಿ ಕೊಲ್ಲಿಸಿದ. ತಲೆಯನ್ನೂ ಆ ಭಾಷಣ ಬರೆದ ಕೈಯನ್ನೂ ಕಡಿಸಿ, ರೋಮಿನಲ್ಲಿ ಸಿಸೆರೋ ನಿಂತು ಮಾತಾಡುತ್ತಿದ್ದ ಅದೇ ವೇದಿಕೆಯಲ್ಲಿ ಇಡಿಸಿದ.

ನನಗೆ ಮಜಾ ಅನ್ನಿಸುವುದು ಬೇರೆ. ಬೈದವನು ಡೆಮಾಸ್ತನೀಸ್. ಪದದಲ್ಲಿ ಉಳಿದ ಹೆಸರು ಫಿಲಿಪ್‌ನದು! ಜೆರೆಮೈಯಾಡ್‌ನಲ್ಲಿ ಮಾತ್ರ ಬೈದವನ ಹೆಸರೇ ಇದೆ. ಬೈಬಲಿನ ಪ್ರವಾದಿ ಜೆರೆಮಾಯ. ಅದು ಬೈಗುಳಕ್ಕಿಂತ ಗೋಳು ಜಾಸ್ತಿ. 'ಕಾಲ ಕೆಟ್ಟುಹೋಯಿತು, ಎಲ್ಲ ಹಾಳಾಯಿತು' ಅನ್ನುವ ಧಾಟಿ.

ಕಡಲ ಕಾಗೆ

ಫಿಲಿಪಿಕ್‌ಗೆ ಕನ್ನಡದಲ್ಲಿ ನಾನೊಂದು ಪದ ಕೊಡುತ್ತೇನೆ, ಶಿಶುಪಾಲಿಕೆ! ರಾಜಸೂಯ ಯಾಗದಲ್ಲಿ ಕೃಷ್ಣನಿಗೆ ಅಗ್ರಪೂಜೆ ಅಂದ ಕೂಡಲೇ ಶಿಶುಪಾಲ ಏಳುತ್ತಾನಲ್ಲ. ಭೀಷ್ಮನನ್ನೂ ಬಿಡುವುದಿಲ್ಲ, ಧರ್ಮರಾಯನನ್ನೂ ಬಿಡುವುದಿಲ್ಲ. ಒಳ್ಳೆಯ ಅರ್ಥಧಾರಿ ಕೂತರೆ ತಾಳಮದ್ದಳೆಯಲ್ಲಿ ಅದೊಂದೇ ಪಾತ್ರ ಗಂಟೆಗಟ್ಟಲೆ ಹೋಗುತ್ತದೆ. ಕೇಳುವವರಿಗೆ ಕೃಷ್ಣ ದೇವರು ಅಂತ ಗೊತ್ತು, ಆದರೂ 'ಇವನು ಹೇಳುವುದರಲ್ಲೂ ನ್ಯಾಯ ಇದೆಯಲ್ಲ' ಅನ್ನಿಸಿಬಿಡುತ್ತದೆ. ಸಿಸೆರೋನ ಹಾಗೆ ಇವನ ತಲೆಯೂ ಹೋಯಿತು. ನೂರು ತಪ್ಪಿನ ತನಕ ಮಾಫಿ ಇತ್ತು ಅನ್ನುವುದು ಹೆಚ್ಚುವರಿ ಸೌಲಭ್ಯ.

ಶಿರಸಿ ಸಿಪಾಯಿ

ಶಿಶುಪಾಲಿಕೆ! ನಗರಪಾಲಿಕೆಗೆ ಬೈಯುವಾಗ ಬಳಸಬಹುದು.

ತುಂಗಾ ತೀರದವಳು

ನಗು ಸಾಕು, ಸ್ವಲ್ಪ ಗಂಭೀರ ವಿಷಯ. ಮೇಡಂ ಮೇಲೆ ಸ್ಕೋಲ್ಡ್ ಅಂದರು. ಅದರ ಕಥೆ ಕೇಳಿ.

ಅದು ಸ್ಕ್ಯಾಂಡಿನೇವಿಯಾದ ಹಳೆಯ ಭಾಷೆಯ 'ಸ್ಕಾಲ್ಡ್' ಪದದಿಂದ ಬಂದಿರಬೇಕು ಅನ್ನುತ್ತಾರೆ. ಸ್ಕಾಲ್ಡ್ ಅಂದರೆ ಕವಿ! ಆ ಕವಿಗಳು ರಾಜರನ್ನು ಹೊಗಳುತ್ತಿದ್ದರು, ಆಗದವರನ್ನು ಪದ್ಯ ಕಟ್ಟಿ ಮಾನ ಕಳೆಯುತ್ತಿದ್ದರು. ಇಂಗ್ಲೆಂಡಿಗೆ ಬರುವಷ್ಟರಲ್ಲಿ ಆ ಪದ 'ಬಾಯಿ ಜೋರಿನ ಹೆಂಗಸು' ಅನ್ನುವ ಅರ್ಥಕ್ಕೆ ಇಳಿದಿತ್ತು. ಕವಿಯಾಗಿದ್ದಾಗ ಗಂಡಸು, ಬೈಗುಳವಾದಾಗ ಹೆಂಗಸು.

ಅಷ್ಟೇ ಅಲ್ಲ, 'ಕಾಮನ್ ಸ್ಕೋಲ್ಡ್' ಅನ್ನುವುದು ಅಲ್ಲಿ ಅಪರಾಧವಾಗಿತ್ತು. ನೆರೆಹೊರೆಯವರಿಗೆ ಸದಾ ಬೈಯುತ್ತಾಳೆ ಅಂತ ಹೆಂಗಸನ್ನು ಕುರ್ಚಿಗೆ ಕಟ್ಟಿ ನೀರಿನಲ್ಲಿ ಅದ್ದುತ್ತಿದ್ದರು. ಸ್ಕಾಟ್‌ಲೆಂಡಿನಲ್ಲಿ, ಇಂಗ್ಲೆಂಡಿನ ಕೆಲವು ಊರುಗಳಲ್ಲಿ ತಲೆಗೆ ಕಬ್ಬಿಣದ ಮುಖವಾಡ ಹಾಕುತ್ತಿದ್ದರು. ಅದರಲ್ಲಿ ನಾಲಿಗೆ ಒತ್ತಿ ಹಿಡಿಯುವ ಒಂದು ಪಟ್ಟಿ ಇರುತ್ತಿತ್ತು. ಈ ಅಪರಾಧವನ್ನು ಇಂಗ್ಲೆಂಡಿನ ಕಾನೂನಿನಿಂದ ತೆಗೆದಿದ್ದು ಯಾವಾಗ ಗೊತ್ತಾ? 1967ರಲ್ಲಿ.

ನಮ್ಮದೇನು ಕಡಿಮೆಯಿಲ್ಲ. ಗಯ್ಯಾಳಿ ಅನ್ನುವ ಪದಕ್ಕೆ ಪುಲ್ಲಿಂಗ ಹೇಳಿ ನೋಡೋಣ? ಗಂಡಸು ಬೈದರೆ 'ಮನುಷ್ಯ ಖಡಕ್', 'ನೇರ ನುಡಿ'. ಹೆಂಗಸು ಬೈದರೆ ಗಯ್ಯಾಳಿ, ಬಾಯಿಬಡಕಿ.

ಇಂಗ್ಲಿಷ್ ಮೇಡಂ, ಹಾಸನ

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಾದೆ. ಇದೇ ಸಾಲಿಗೆ ಬಿಲ್ಲಿಂಗ್ಸ್‌ಗೇಟ್ ಸೇರಿಸಿ. ಲಂಡನ್ನಿನ ಹಳೆಯ ಮೀನು ಮಾರುಕಟ್ಟೆ. ಅಲ್ಲಿ ಮೀನು ಮಾರುವ ಹೆಂಗಸರ ಬಾಯಿಂದಾಗಿ 17ನೇ ಶತಮಾನದಲ್ಲೇ ಆ ಜಾಗದ ಹೆಸರು ಹೊಲಸು ಬೈಗುಳಕ್ಕೆ ಪದವಾಗಿ ಹೋಯಿತು. ಮಾರುಕಟ್ಟೆ 1982ರಲ್ಲಿ ಹಳೇ ಜಾಗ ಬಿಟ್ಟು ಬೇರೆ ಕಡೆ ಹೋಯಿತು, ನಿಘಂಟಿನಲ್ಲಿ ಮಾತ್ರ ಅಲ್ಲೇ ಇದೆ. ನಾನೂ ಎಷ್ಟು ಸಲ 'ಇದೇನು ಕ್ಲಾಸಾ, ಮೀನು ಮಾರ್ಕೆಟ್ಟಾ' ಅಂದಿದ್ದೇನೋ. ಪಾಪ, ಬೆಳಗಿನ ಜಾವ ಎದ್ದು ಬುಟ್ಟಿ ಹೊತ್ತು ಬರುವವರು ಪಿಸುಮಾತಿನಲ್ಲಿ ಮೀನು ಮಾರಲು ಆಗುತ್ತದಾ?

ಮ್ಯೂನಿಕ್ ಮೊಸರನ್ನ

ಜರ್ಮನಿಯಿಂದ ಒಂದು ಸಣ್ಣ ಸೇರ್ಪಡೆ. ಆನ್‌ಲೈನ್‌ನಲ್ಲಿ ಸಾವಿರಾರು ಜನ ಒಟ್ಟಿಗೆ ಮೇಲೆ ಬೀಳುತ್ತಾರಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ ಪೈಲ್ ಆನ್ ಅಂತಾರೆ. ಇಲ್ಲಿನವರು ಅದಕ್ಕೆ ಇಂಗ್ಲಿಷಿನದೇ ಇನ್ನೊಂದು ಪದ ಎತ್ತಿಕೊಂಡಿದ್ದಾರೆ, 'ಶಿಟ್‌ಸ್ಟಾರ್ಮ್'. 2011ರಲ್ಲಿ ಅದನ್ನು ಇಲ್ಲಿ ವರ್ಷದ ಇಂಗ್ಲಿಷ್ ಎರವಲು ಪದ ಅಂತ ಆರಿಸಿದರು. ಇಂಗ್ಲಿಷ್ ಮಾತಾಡುವವರು ಆ ಪದವನ್ನು ಮರ್ಯಾದಸ್ಥರ ಮುಂದೆ ಹೇಳುವುದಿಲ್ಲ. ಇಲ್ಲಿ ವಾರ್ತೆಯಲ್ಲೇ ಓದುತ್ತಾರೆ. 2018ರಲ್ಲಿ ಚಾನ್ಸಲರ್ ಆಂಗೆಲಾ ಮೆರ್ಕೆಲ್ ಸಾರ್ವಜನಿಕ ಭಾಷಣದಲ್ಲೇ ಬಳಸಿದರು. ಜರ್ಮನ್ನರು ಇಂಗ್ಲಿಷಿಗೆ ಫ್ಲ್ಯಾಕ್ ಕೊಟ್ಟರು, ಇಂಗ್ಲಿಷ್ ಹೀಗೆ ಸಾಲ ತೀರಿಸಿತು. ಕನ್ನಡಕ್ಕೆ ನಾನು ಅನುವಾದ ಮಾಡುವುದಿಲ್ಲ, ಮಾಡರೇಟರ್ ಇದ್ದಾರೆ.

ಮಾಡರೇಟರ್

ನೋಡುತ್ತಾ ಇದ್ದೇನೆ.

ಬೊಂಬಾಟ್ ಭೀಮ

ಫುಟ್ಬಾಲ್‌ನವರು ಯಾರೂ ಇಲ್ಲವಾ? ಹೇರ್‌ಡ್ರೈಯರ್ ಟ್ರೀಟ್‌ಮೆಂಟ್! ಮ್ಯಾಂಚೆಸ್ಟರ್ ಯುನೈಟೆಡ್‌ನ ಮ್ಯಾನೇಜರ್ ಆಗಿದ್ದ ಅಲೆಕ್ಸ್ ಫರ್ಗುಸನ್ ಆಟಗಾರರ ಮುಖಕ್ಕೆ ಮುಖ ಕೊಟ್ಟು ಕಿರುಚುತ್ತಿದ್ದರಂತೆ, ಕೂದಲು ಹಿಂದೆ ಹಾರುವ ಹಾಗೆ. 2003ರಲ್ಲಿ ಅವರು ಸಿಟ್ಟಿನಲ್ಲಿ ಒದ್ದ ಬೂಟು ಬೆಕ್‌ಹ್ಯಾಮ್‌ನ ಹುಬ್ಬಿಗೆ ಬಿತ್ತು.

ಕಚೇರಿ ಕಡತ

'ರೀಡ್ ದಿ ರಯಟ್ ಆ್ಯಕ್ಟ್' ಬಗ್ಗೆ ಯಾರೂ ಹೇಳಲಿಲ್ಲ. ಅದು ನಿಜವಾದ ಕಾಯ್ದೆ. ಇಂಗ್ಲೆಂಡಿನಲ್ಲಿ 1715ರಲ್ಲಿ ಜಾರಿಗೆ ಬಂತು. 12 ಜನ ಅಥವಾ ಹೆಚ್ಚು ಮಂದಿ ಗುಂಪುಗೂಡಿ ಗಲಾಟೆ ಮಾಡಿದರೆ ಮ್ಯಾಜಿಸ್ಟ್ರೇಟ್ ಬಂದು ಅದರ ಘೋಷಣೆಯನ್ನು ಜೋರಾಗಿ ಓದಬೇಕು. ಒಂದು ಗಂಟೆಯೊಳಗೆ ಚದುರದಿದ್ದರೆ ಮರಣದಂಡನೆಯ ತನಕ ಹೋಗಬಹುದಿತ್ತು. ಈಗ ಕಾಯ್ದೆ ಇಲ್ಲ, ಓದುವುದು ಮಾತ್ರ ನಡೆದಿದೆ. 'ಇನ್ನೊಂದು ಸಲ ಹೀಗಾದರೆ ನೋಡು' ಅನ್ನುವ ಎಚ್ಚರಿಕೆ ಸೇರಿರುವ ಬೈಗುಳಕ್ಕೆ ಇದನ್ನು ಬಳಸಬೇಕು. ನಮ್ಮ ಮನೆಯಲ್ಲಿ ಪರೀಕ್ಷೆ ಸಮಯದಲ್ಲಿ ಅಮ್ಮ '144 ಹಾಕಿದ್ದೀನಿ' ಅನ್ನುತ್ತಿದ್ದರು. ಹೆಚ್ಚುಕಡಿಮೆ ಅದೇ.

ಜಮಖಂಡಿ ಬೆಲ್ಲ

ಇಲ್ಲಿಂದ ಆ ಕಡೆ ಹೋದ ಬೈಗುಳದ ಪದ ಯಾವುದೂ ಇಲ್ಲವಾ? ಲೂಟಿ, ಬಂಗಲೆ ಎಲ್ಲ ಹೋದವಲ್ಲ.

ಹಳೇ ಸಬ್ ಎಡಿಟರ್

ಒಂದು ಹೋಗಿತ್ತು, ಆದರೆ ಬದುಕಲಿಲ್ಲ. 1886ರಲ್ಲಿ ಬಂದ ಹಾಬ್ಸನ್-ಜಾಬ್ಸನ್ ಅನ್ನುವ ಆಂಗ್ಲೋ-ಇಂಡಿಯನ್ ಪದಕೋಶದಲ್ಲಿ 'ಗಬ್ರೌ' ಅಂತ ಒಂದು ಕ್ರಿಯಾಪದ ಇದೆ. ಯಾರನ್ನಾದರೂ ಜೋರು ಮಾಡಿ ಕಂಗೆಡಿಸುವುದು ಅಂತ ಅರ್ಥ. ಹಿಂದಿಯ ಘಬ್‌ರಾನಾದಿಂದ ಬಂದಿದ್ದು. ನಮ್ಮ ಗಾಬರಿಯೂ ಆ ಮನೆಯದೇ. ಇಂಗ್ಲಿಷ್ ದೊರೆ ಹಿಂದಿಯ ಗಾಬರಿಯನ್ನು ಇಂಗ್ಲಿಷ್ ಕ್ರಿಯಾಪದ ಮಾಡಿಕೊಂಡು ಆಳುಕಾಳುಗಳನ್ನು ಗಬ್ರೌ ಮಾಡುತ್ತಿದ್ದ. ಊರಿಗೆ ವಾಪಸ್ ಹೋಗುವಾಗ ಪದವನ್ನು ಇಲ್ಲೇ ಬಿಟ್ಟು ಹೋದ.

ಶಿರಸಿ ಸಿಪಾಯಿ

ಡಯಟ್ರೈಬ್ ಒಂದು ಬಾಕಿ ಉಳಿಯಿತು. ಗ್ರೀಕ್‌ನಲ್ಲಿ ಉಜ್ಜುವುದು, ಸವೆಸುವುದು ಅಂತ. ಮೊದಲು ಹೊತ್ತು ಸವೆಸುವ ಪಾಂಡಿತ್ಯದ ಮಾತಿಗೆ ಹೇಳುತ್ತಿದ್ದರು, ಆಮೇಲೆ ಕಹಿ ಸೇರಿತು. ನಮ್ಮ 'ಕೊರೆಯುವುದು' ಇದೆಯಲ್ಲ, ಅದಕ್ಕೆ ವಿಷ ಸೇರಿಸಿದರೆ ಡಯಟ್ರೈಬ್.

ಕೆಂಗೇರಿ ಕಡೆಯವನು

ಎಲ್ಲರಿಗೂ ಥ್ಯಾಂಕ್ಸ್. ಒಂದು ಅಪ್‌ಡೇಟ್ ಇದೆ.

ನಿನ್ನೆ ಆ ಅಮೆರಿಕದ ಹಿರಿಯರಿಗೆ ಇದನ್ನೆಲ್ಲ ಹೇಳಿದೆ. ಅವರು ನಕ್ಕು, ಹಾಗಾದರೆ ನಿನ್ನ ಭಾಷೆಯಲ್ಲಿ ಅವತ್ತು ನಿನಗೆ ಆಗಿದ್ದೇನು ಅಂತ ಕೇಳಿದರು. ಮಂಗಳಾರತಿ ಅಂದೆ. ಹಾಗಂದರೇನು ಅಂದರು. ಕರ್ಪೂರ, ತಟ್ಟೆ, ಗಂಟೆ, ಪೂಜೆಯ ಕೊನೆಯಲ್ಲಿ ದೇವರ ಮುಖದ ಮುಂದೆ ಉರಿ ಸುತ್ತಿಸುವುದು, ಎಲ್ಲ ಹೇಳಿದೆ. 'ಅಂದರೆ ನಿನ್ನ ಮ್ಯಾನೇಜರ್ ಪೂಜಾರಿ, ನೀನು ದೇವರಾ?' ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇವತ್ತು ಬೆಳಗಿನ ಕಾಲ್‌ನಲ್ಲಿ ಅವರ ಮುಖ ಸಪ್ಪಗಿತ್ತು. ಏನಾಯಿತು ಅಂತ ಕೇಳಿದೆ. ಅವರ ವೈಸ್ ಪ್ರೆಸಿಡೆಂಟ್ ಕರೆಸಿದ್ದರಂತೆ. ತಲೆ ಅಲ್ಲಾಡಿಸಿ 'ಐ ಗಾಟ್ ಎ ಮ್ಯಾಂಗಲ್ ಆರ್ಟಿ' ಅಂದರು.

ಇಂಗ್ಲಿಷ್ ಮೇಡಂ, ಹಾಸನ

ಆರ್ಟಿಕಲ್ ಸರಿಯಾಗಿದೆ. ಉಚ್ಚಾರಣೆಗೆ ಅರ್ಧ ಮಾರ್ಕು ಕಟ್.